ಕಿಂಕ್ಸ್ ಹಾಡಿದ "ಶಾಂಗ್ರಿ-ಲಾ" ಮತ್ತು "ಆರ್ಥರ್" ಆಲ್ಬಂ: ಕೇಳಿದವರು ಯಾರಿದ್ದೀರಿ?

ಪ್ಲೇಟುಪ್ರೇಮಿ:

ಅರವತ್ತರ ದಶಕದ ಬ್ರಿಟಿಷ್ ರಾಕ್ ಅಂದರೆ ನಮ್ಮ ಮಾತು ಬೀಟಲ್ಸ್‌ನಿಂದ ಶುರುವಾಗಿ ಸ್ಟೋನ್ಸ್, ಲೆಡ್ ಝೆಪಲಿನ್ ಹತ್ತಿರ ಬಂದು ನಿಂತುಬಿಡುತ್ತದೆ. ಕಿಂಕ್ಸ್ ಹೆಸರು ಬಂದರೂ "ಯೂ ರಿಯಲಿ ಗಾಟ್ ಮಿ", "ಲೋಲಾ" ಅಷ್ಟೇ. ಒಂದು 1964ರದು, ಇನ್ನೊಂದು 1970ರದು. ಅವೆರಡರ ನಡುವಿನ ವರ್ಷಗಳಲ್ಲಿ ಬ್ಯಾಂಡಿನ ಹಾಡುಗಾರ ರೇ ಡೇವಿಸ್ ಬರೆದ ಹಾಡುಗಳಿಗೆ ಸರಿಸಾಟಿ ಕಡಿಮೆ. ನನ್ನ ಪಾಲಿಗೆ ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು "ಶಾಂಗ್ರಿ-ಲಾ". 1969ರ "ಆರ್ಥರ್" ಆಲ್ಬಂನಲ್ಲಿ ಎರಡನೇ ಬದಿಯ ಮೊದಲ ಹಾಡು. ಇದರ ಬಗ್ಗೆ ಮನಸ್ಸು ಬಿಚ್ಚಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಹಾಡಿನಲ್ಲಿ ಇರುವುದು ಒಬ್ಬ ಸಾಧಾರಣ ಮನುಷ್ಯ. ಲಂಡನ್ನಿನ ಹೊರವಲಯದಲ್ಲಿ ಸಾಲ ಮಾಡಿ ಒಂದು ಮನೆ ಕೊಂಡಿದ್ದಾನೆ. ಕೆಲಸಕ್ಕೆ ರೈಲಿನಲ್ಲಿ ಹೋಗಿ ಬರುತ್ತಾನೆ. ಸಂಜೆ ಮನೆಯೊಳಗಿನ ಚಪ್ಪಲಿ ಮೆಟ್ಟಿಕೊಂಡು ಅಗ್ಗಿಷ್ಟಿಕೆ ಮುಂದೆ ತೂಗುಕುರ್ಚಿಯಲ್ಲಿ ಕೂರುತ್ತಾನೆ. ಹಿತ್ತಲಿನ ಕಕ್ಕಸಿಗೆ ಹೋಗುವ ಕಾಲ ಮುಗಿಯಿತು, ಕಾರಿನ ಕನಸು ಕಾಣುವ ಕಾಲವೂ ಮುಗಿಯಿತು, ಈಗ ಬಾಗಿಲಲ್ಲೇ ಕಾರು ನಿಂತಿದೆ. ಮನೆಗೆ ಇಟ್ಟ ಹೆಸರು ಶಾಂಗ್ರಿ-ಲಾ. ಅದು 1933ರ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಬರುವ, ಹಿಮದ ಬೆಟ್ಟಗಳ ನಡುವಿನ ಸುಖದ ಕಣಿವೆ. ನೀನು ಇನ್ನು ಏರುವುದಕ್ಕೆ ಮೆಟ್ಟಿಲಿಲ್ಲ, ನಿನ್ನ ಜಾಗ ಇದೇ, ಇಲ್ಲೇ ಹಾಯಾಗಿರು ಅಂತ ಹಾಡು ಅವನಿಗೆ ಹೇಳುತ್ತದೆ.

ಇದನ್ನು ರೇ ಹೇಗೆ ಹಾಡಿದ್ದಾನೆ ಅಂತ ಗಮನಿಸಿ. ಶುರುವಿನಲ್ಲಿ ಒಂದು ಅಕೂಸ್ಟಿಕ್ ಗಿಟಾರ್, ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸುತ್ತಾನೆ. ದನಿ ತಗ್ಗಿದೆ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಹಿಂದಿನಿಂದ ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೇ ವಾದ್ಯ) ಸೇರಿಕೊಳ್ಳುತ್ತದೆ, ಆಮೇಲೆ ಬ್ರಾಸ್ ವಾದ್ಯಗಳು. ಪಲ್ಲವಿಯಲ್ಲಿ ಮನೆಯ ಹೆಸರು ಬಂದಾಗ ಅದಕ್ಕೆ ಒಂದು ದೊಡ್ಡಸ್ತಿಕೆ ಬರುತ್ತದೆ, ಮೆರವಣಿಗೆಯ ಗತ್ತು. ಇಲ್ಲಿಯ ತನಕ ಕೇಳಿದರೆ ನೆಮ್ಮದಿಯ ಹಾಡು ಅನ್ನಬೇಕು.

ಅರ್ಧ ದಾರಿಯಲ್ಲಿ ಹಾಡು ಮಗ್ಗಲು ಬದಲಿಸುತ್ತದೆ. ಡ್ರಮ್ಸ್ ಬಡಿಯುತ್ತದೆ, ಎಲೆಕ್ಟ್ರಿಕ್ ಗಿಟಾರ್ ನುಗ್ಗುತ್ತದೆ, ವೇಗ ಏರುತ್ತದೆ. ಅದೇ ಮನುಷ್ಯನ ಇನ್ನೊಂದು ಲೆಕ್ಕ ಈಗ ಹೊರಬೀಳುತ್ತದೆ. ತಲೆಯ ಮೇಲೆ ತೂಗುವ ಮನೆ ಸಾಲ, ಗ್ಯಾಸ್ ಬಿಲ್ಲು, ನೀರಿನ ಕಂದಾಯ, ಕಾರಿನ ಕಂತು. ಟಿವಿಗೂ ರೇಡಿಯೋಗೂ ಸೇರಿ ವಾರಕ್ಕೆ ಏಳು ಶಿಲ್ಲಿಂಗ್. ಬೀದಿಯ ಪ್ರತಿ ಮನೆಗೂ ಒಂದು ಹೆಸರಿದೆ, ಯಾಕೆಂದರೆ ಎಲ್ಲಾ ಮನೆಗಳೂ ಒಂದೇ ಥರ ಇವೆ. ಅದೇ ಹೊಗೆಗೂಡು, ಅದೇ ಪುಟ್ಟ ಕಾರು, ಅದೇ ಕಿಟಕಿ ಗಾಜು. ಅಕ್ಕಪಕ್ಕದವರು ಬಂದು ಯಾರ ಮನೆಯಲ್ಲಿ ಏನಾಯಿತು ಅಂತ ಕಿವಿ ಕಚ್ಚಿ ಹೋಗುತ್ತಾರೆ. ಇವನಿಗೋ ದೂರು ಹೇಳಲೂ ಭಯ. ತನ್ನ ಬದುಕು ಎಷ್ಟು ಅಭದ್ರ ಅಂತ ಯೋಚಿಸಲೂ ಭಯ.

ಇದಾದ ಮೇಲೆ ಮತ್ತೆ ಅದೇ ಮೊದಲ ಸಾಲುಗಳು. ಚಪ್ಪಲಿ ಮೆಟ್ಟಿಕೋ, ಬೆಂಕಿ ಮುಂದೆ ಕೂರು. ಆದರೆ ಈ ಸಲ ಇಡೀ ಬ್ಯಾಂಡ್ ಜೋರಾಗಿ ಬಾರಿಸುತ್ತಿದೆ, ರೇ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಾನೆ. ಮೊದಲ ಸಲ ಸಮಾಧಾನದ ಹಾಗೆ ಕೇಳಿದ ಮಾತೇ ಈಗ ಸಂಕಟದ ಹಾಗೆ ಕೇಳುತ್ತದೆ. ಒಂದು ಪದವನ್ನೂ ಬದಲಿಸದೆ ಅರ್ಥ ಬದಲಾಯಿಸುವುದು ಅಂದರೆ ಇದು. ಐದು ನಿಮಿಷದ ರಾಕ್ ಹಾಡಿನಲ್ಲಿ ಇಷ್ಟು ಕೆಲಸ ಮಾಡಿದವರು ನನಗೆ ಬೇರೆ ಸಿಕ್ಕಿಲ್ಲ.

ಆಲ್ಬಂಗೆ ಬರೋಣ. ಪೂರ್ತಿ ಹೆಸರು "ಆರ್ಥರ್, ಅಥವಾ ಬ್ರಿಟಿಷ್ ಸಾಮ್ರಾಜ್ಯದ ಅವನತಿ ಮತ್ತು ಪತನ" ಅನ್ನುವ ಅರ್ಥದ್ದು. ಬ್ರಿಟನ್ನಿನ ಗ್ರನಾಡಾ ಟಿವಿಗೆ ಒಂದು ಸಂಗೀತ ನಾಟಕ ಮಾಡುವ ಯೋಜನೆ ಇತ್ತು. ಲೇಖಕ ಜೂಲಿಯನ್ ಮಿಚೆಲ್ ಜೊತೆ ಸೇರಿ ರೇ ಕಥೆ ಹೊಸೆದ. ಕಾರ್ಪೆಟ್ ಹಾಸುವ ಕೆಲಸದ ಆರ್ಥರ್, ಅವನ ಹೆಂಡತಿ ರೋಸ್, ಯುದ್ಧದಲ್ಲಿ ಸತ್ತ ಅಣ್ಣ, ಆಸ್ಟ್ರೇಲಿಯಾಕ್ಕೆ ಹೊರಟು ನಿಂತ ಮಗ. ಕೊನೇ ಗಳಿಗೆಯಲ್ಲಿ ಹಣದ ವಿಷಯಕ್ಕೆ ನಾಟಕ ನಿಂತುಹೋಯಿತು. ಹಾಡುಗಳು ಮಾತ್ರ ಉಳಿದವು.

ಈ ಆರ್ಥರ್ ಸುಮ್ನೆ ಕಲ್ಪನೆಯಿಂದ ಹುಟ್ಟಿದವನಲ್ಲ. ರೇಗೆ ಆರು ಜನ ಅಕ್ಕಂದಿರು. ದೊಡ್ಡಕ್ಕ ರೋಸ್, ಅವಳ ಗಂಡ ಆರ್ಥರ್ ಆನಿಂಗ್. ಚಿಕ್ಕಂದಿನಲ್ಲಿ ರೇ ಸ್ವಲ್ಪ ಕಾಲ ಅವರ ಮನೆಯಲ್ಲೇ ಇದ್ದ. 1964ರಲ್ಲಿ ಅಕ್ಕ, ಭಾವ, ಅವರ ಮಗ ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಯುದ್ಧದ ನಂತರ ಬ್ರಿಟನ್ನಿನಿಂದ ವಲಸೆ ಹೋಗುವವರಿಗೆ ಹತ್ತು ಪೌಂಡಿನ ಹಡಗು ಟಿಕೆಟ್ ಸಿಗುತ್ತಿದ್ದ ಕಾಲ ಅದು. ಅಕ್ಕ ಹೋದ ನೋವು 1966ರ "ಫೇಸ್ ಟು ಫೇಸ್" ಆಲ್ಬಂನಲ್ಲೇ ಇದೆ, ರೋಸಿ ಮನೆಗೆ ಬಾ ಅಂತ ಕರೆಯುವ ಹಾಡಿನಲ್ಲಿ. ಮೂರು ವರ್ಷ ಬಿಟ್ಟು ಅವನು ಭಾವನ ಕಡೆ ತಿರುಗಿದ. ದೇಶ ಹೇಳಿದ್ದನ್ನೆಲ್ಲ ಕೇಳಿದ, ಯುದ್ಧ ಕಂಡ, ದುಡಿದ, ಕೊನೆಗೆ ಆ ದೇಶದಲ್ಲಿ ತನಗೇನೂ ಉಳಿದಿಲ್ಲ ಅಂದುಕೊಂಡು ಹೊರಟ ಒಬ್ಬ ಮನುಷ್ಯನ ಕಡೆ. ಅದಕ್ಕೇ ಈ ಆಲ್ಬಂನಲ್ಲಿ ಸಾಮ್ರಾಜ್ಯದ ಪತನ ಅಂದರೆ ರಾಜಕೀಯ ಭಾಷಣ ಬರುವುದಿಲ್ಲ. ಒಂದು ಮನೆಯ ಹಜಾರ ಬರುತ್ತದೆ.

ಇಷ್ಟಿದ್ದೂ ಯಾರೂ ಕೊಳ್ಳಲಿಲ್ಲ. "ಶಾಂಗ್ರಿ-ಲಾ" ಸಿಂಗಲ್ (ಬಿಡಿ ಹಾಡಿನ ಪ್ಲೇಟು) ಆಗಿ 1969ರ ಸೆಪ್ಟೆಂಬರ್ 12ಕ್ಕೆ ಬಂತು, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎಲ್ಲೂ ಕಾಣಿಸಲಿಲ್ಲ. ಆಲ್ಬಂ ಅಕ್ಟೋಬರ್ 10ಕ್ಕೆ ಬಂತು, ಅದೂ ಅಷ್ಟೇ. ಆ ದಿನಗಳನ್ನು ನೋಡಿ: ಎರಡು ವಾರ ಮೊದಲು ಬೀಟಲ್ಸ್‌ನ "ಆಬಿ ರೋಡ್", ಅದೇ ಅಕ್ಟೋಬರ್ 10ಕ್ಕೆ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ, ಹನ್ನೆರಡು ದಿನ ಬಿಟ್ಟು ಎರಡನೇ ಲೆಡ್ ಝೆಪಲಿನ್. ಇದರ ಮಧ್ಯೆ ಕಾರ್ಪೆಟ್ ಹಾಸುವವನ ಕಥೆಗೆ ಯಾರು ಕಿವಿ ಕೊಡುತ್ತಾರೆ? ಮೇ ತಿಂಗಳಲ್ಲೇ ದಿ ಹೂ ಬ್ಯಾಂಡಿನ "ಟಾಮಿ" ಬಂದು ರಾಕ್ ಒಪೆರಾ (ಹಾಡುಗಳಲ್ಲೇ ಒಂದು ಕಥೆ ಹೇಳುವ ಆಲ್ಬಂ) ಅನ್ನುವ ಪಟ್ಟವನ್ನೂ ಹೊತ್ತುಕೊಂಡು ಹೋಗಿತ್ತು.

ನನಗೆ "ಟಾಮಿ"ಗಿಂತ "ಆರ್ಥರ್" ದೊಡ್ಡದು. ನೀವೇನಂತೀರಿ?

ನಾಲ್ಕನೇ ಬ್ಲಾಕ್:

ಸರ್, ನಿಮ್ಮ ಬರಹ ಓದಿ ಈಗಷ್ಟೇ ಹಾಡು ಕೇಳಿದೆ. ಎರಡನೇ ಸಲ ಹಾಕುವಾಗ ಸಾಹಿತ್ಯ ಮುಂದೆ ಇಟ್ಟುಕೊಂಡೆ. ಬೀದಿಯ ಮನೆಗಳ ಹೆಸರಿನ ಸಾಲು ಬಂದಾಗ ಎದೆ ಧಸಕ್ ಅಂದಿತು. ನಮ್ಮ ರಸ್ತೆಯಲ್ಲೂ ಗೇಟಿನ ಪಕ್ಕ ಗ್ರಾನೈಟ್ ಕಲ್ಲಿನಲ್ಲಿ ಒಂದೊಂದು ನಿಲಯ, ಒಂದೊಂದು ಕೃಪಾ. ಅಪ್ಪ ಬ್ಯಾಂಕಿನ ಕಂತು ಕಟ್ಟುತ್ತಲೇ ರಿಟೈರ್ ಆದರು. ಮನೆ ಮಾತ್ರ ಅವರಿಗೆ ಸ್ವರ್ಗ, ಗೋಡೆಗೆ ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. ಅವರನ್ನು ಈ ಹಾಡಿನಲ್ಲಿ ಕಂಡೆ ಅಂದರೆ ಜಾಸ್ತಿ ಆಗಲಿಕ್ಕಿಲ್ಲ.

ಆರು ತಂತಿ:

ಗಿಟಾರ್ ಬಾರಿಸುವವನಾಗಿ ಎರಡು ಮಾತು. ಮೊದಲ ಭಾಗದಲ್ಲಿ ಬೆರಳಿನ ಕೆಲಸ ಕಷ್ಟದ್ದೇನಲ್ಲ, ಆದರೆ ಎಲ್ಲೂ ಅವಸರ ಮಾಡದೆ ಹಿಡಿದಿಡುವುದು ಕಷ್ಟ. ನಮ್ಮ ಕೈ ತಾನಾಗಿ ಓಡುತ್ತದೆ. ಮಿಕ್ ಏವರಿ ಡ್ರಮ್ಸ್ ಕೇಳಿ, ಎಷ್ಟು ಹೊತ್ತು ಕಾಯುತ್ತಾನೆ! ಒಮ್ಮೆ ಬಂದ ಮೇಲೆ ಬಿಡುವುದಿಲ್ಲ. ಬಾಸ್ ಜಾನ್ ಡಾಲ್ಟನ್, ಆ ವರ್ಷವೇ ಪೀಟ್ ಕ್ವೈಫ್ ಬಿಟ್ಟುಹೋದ ಜಾಗಕ್ಕೆ ಬಂದವನು. ಇಡೀ ಆಲ್ಬಂನಲ್ಲಿ ಬಾಸ್ ದಪ್ಪಗೆ, ಮುಂದಕ್ಕೆ ಕೇಳುತ್ತದೆ. "ವಿಕ್ಟೋರಿಯಾ", "ಬ್ರೈನ್‌ವಾಶ್ಡ್" ಹಾಕಿ ನೋಡಿ, ಗೊತ್ತಾಗುತ್ತದೆ.

ರೇ ತಮ್ಮ, ಗಿಟಾರಿನ ಡೇವ್ ಡೇವಿಸ್ ಬಗ್ಗೆ ಯಾರೂ ಹೇಳುವುದಿಲ್ಲ. 1964ರಲ್ಲಿ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಆ ಒರಟು ಶಬ್ದ ತೆಗೆದ ಹುಡುಗ ಇವನೇ. ಇಲ್ಲಿ ಐದು ವರ್ಷ ಬೆಳೆದಿದ್ದಾನೆ. ಅಣ್ಣನ ಹಾಡಿಗೆ ಎಲ್ಲಿ ಸುಮ್ಮನಿರಬೇಕು ಅಂತ ಅವನಿಗೆ ಗೊತ್ತು. ಸಿಂಗಲ್‌ನ ಹಿಂಬದಿಯಲ್ಲಿ ಅವನದೇ "ದಿಸ್ ಮ್ಯಾನ್ ಹಿ ವೀಪ್ಸ್ ಟುನೈಟ್" ಇದೆ, ತಪ್ಪದೆ ಕೇಳಿ. ಆಲ್ಬಂನಲ್ಲಿ ಇರಬೇಕಾಗಿದ್ದ ಹಾಡು.

ನೇರಮಾತು:

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದು ಬೇರೆ ಅಭಿಪ್ರಾಯ. ಹಾಡು ಚೆನ್ನಾಗಿ ಕಟ್ಟಿದ್ದಾರೆ, ಒಪ್ಪಿದೆ. ಆದರೆ ಅದರೊಳಗೆ ಒಂದು ತಾತ್ಸಾರ ಇದೆ ಅಲ್ವಾ? ಹಿಟ್ ಮೇಲೆ ಹಿಟ್ ಕೊಟ್ಟ ಪಾಪ್ ತಾರೆ ಒಬ್ಬ, ಸಂಬಳದ ಮನುಷ್ಯನನ್ನು ನೋಡಿ ನಿನ್ನ ಬದುಕು ಇಷ್ಟೇ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹಿತ್ತಲಿನ ಕಕ್ಕಸಿನಿಂದ ಸ್ವಂತ ಬಚ್ಚಲು ಮನೆಗೆ ಬರುವುದು ಸಣ್ಣ ಮಾತಲ್ಲ. ಅದಕ್ಕೆ ಒಂದು ತಲೆಮಾರು ಸವೆದಿರುತ್ತದೆ. ಆ ಮನುಷ್ಯನ ಚಪ್ಪಲಿ, ಕುರ್ಚಿ ಎಲ್ಲವನ್ನೂ ಎತ್ತಿ ಆಡುವ ಹಕ್ಕು ಹಾಡುಗಾರನಿಗೆ ಎಲ್ಲಿಂದ ಬಂತು?

ಇನ್ನು ಐದು ನಿಮಿಷದ ಹಾಡು ಅಂತ ರೇಡಿಯೋದವರು ಬಿಟ್ಟರು ಅನ್ನುವ ವಾದ ಕೆಲವರು ಮಾಡುತ್ತಾರೆ. ಅದೂ ನಿಲ್ಲುವುದಿಲ್ಲ. ಹಿಂದಿನ ವರ್ಷವೇ ಏಳು ನಿಮಿಷ ಮೀರಿದ "ಹೇ ಜೂಡ್" ಮೊದಲ ಸ್ಥಾನಕ್ಕೆ ಹೋಗಿತ್ತು.

ಪ್ಲೇಟುಪ್ರೇಮಿ:

ನೇರಮಾತು ಅವರೇ, ಇದೇ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ. ಉದ್ದದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. "ಹೇ ಜೂಡ್" ಕೊನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಹಾಡಿಸುತ್ತದೆ. "ಶಾಂಗ್ರಿ-ಲಾ" ಕೇಳುವವನನ್ನು ಅವನ ಕುರ್ಚಿಯಲ್ಲೇ ಕೂರಿಸಿ ಪ್ರಶ್ನೆ ಕೇಳುತ್ತದೆ. ಸೋತಿದ್ದು ಅದಕ್ಕೆ.

ತಾತ್ಸಾರದ ವಿಷಯಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಹಾಡು "ಅವನು" ಅಂತ ದೂರದಿಂದ ಬೆರಳು ತೋರಿಸಿ ಶುರುವಾಗುವುದಿಲ್ಲ. "ನೀನು" ಅಂತ ಎದುರಿಗೆ ಕೂತು ಶುರುವಾಗುತ್ತದೆ. ಕಾರಿನ ಕನಸು ನನಸಾಯಿತು, ಬೆಂಕಿ ಮುಂದೆ ಕೂತು ಸುಧಾರಿಸಿಕೋ, ಇದು ನೀನು ದುಡಿದು ಪಡೆದದ್ದು ಅನ್ನುವ ಅರ್ಥ ಮೊದಲ ಸಾಲುಗಳಲ್ಲೇ ಇದೆ. ಆ ತಲೆಮಾರು ಸವೆದ ಲೆಕ್ಕ ನೀವು ಹೇಳಿದಿರಲ್ಲ, ರೇಗೆ ಅದು ಚೆನ್ನಾಗಿ ಗೊತ್ತು. ಎಂಟು ಮಕ್ಕಳ ಕೆಲಸಗಾರರ ಮನೆಯಲ್ಲಿ ಏಳನೆಯವನಾಗಿ ಹುಟ್ಟಿದವನು. ಮನೆಗೆ ಏನೇನು ಹೊಸದಾಗಿ ಬಂತು, ಅದರ ಕಂತು ಎಷ್ಟು, ಎಲ್ಲ ನೋಡಿ ಬೆಳೆದವನು. ವಾರಕ್ಕೆ ಏಳು ಶಿಲ್ಲಿಂಗ್ ಅಂತ ಬರೆಯುವುದು ಹೊರಗಿನಿಂದ ನೋಡುವವನ ಕೆಲಸವಲ್ಲ.

ಮಧ್ಯದ ವೇಗದ ಭಾಗದಲ್ಲಿ ಸಿಟ್ಟಿದೆ, ನಿಜ. ಆ ಸಿಟ್ಟು ಯಾರ ಮೇಲೆ? ಭಯಪಡುವುದನ್ನು ಅವನಿಗೆ ಕಲಿಸಿದವರ ಮೇಲೆ. ಇದು ಗೊತ್ತಾಗಬೇಕಾದರೆ ಮೊದಲ ಬದಿ ಕೇಳಿರಬೇಕು. "ಯೆಸ್ ಸರ್, ನೋ ಸರ್"ನಲ್ಲಿ ಹೊಸ ಸಿಪಾಯಿಗೆ ಉಸಿರಾಡಲೂ ಅಪ್ಪಣೆ ಬೇಕು. ಅದರಲ್ಲೇ ಒಬ್ಬ ಅಧಿಕಾರಿ ಈ ಕಸವನ್ನು ಕೊಂಡೊಯ್ದು ಕೈಗೆ ಬಂದೂಕು ಕೊಡಿ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಹಾಗೆ ಬೆಳೆಸಿದ ಮನುಷ್ಯನಿಗೇ ಇಪ್ಪತ್ತು, ಮೂವತ್ತು ವರ್ಷದ ಮೇಲೆ ಒಂದು ಮನೆ, ಒಂದು ಕುರ್ಚಿ ಕೊಟ್ಟು ನಿನ್ನ ಜಾಗ ಇಲ್ಲೇ ಅನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕೊನೆಯ ಹಾಡು, "ಆರ್ಥರ್". ನಾಟಕದಲ್ಲಿ ಅಷ್ಟರಲ್ಲಿ ಮಗ ಹೊರಟಾಗಿದೆ, ಮನೆ ಖಾಲಿ. ಆಗ ಬ್ಯಾಂಡ್ ಕುಣಿಯುವ ಹಾಗೆ ಬಾರಿಸುತ್ತಾ ಅವನಿಗೆ ಹೇಳುತ್ತದೆ: ನಿನ್ನ ಮಾತು ನಮಗೆ ಅರ್ಥವಾಗಿದೆ, ನೀನು ನಮಗೆ ಇಷ್ಟ, ನಿನ್ನನ್ನು ಪ್ರೀತಿಸುವವರು ಇದ್ದಾರೆ, ಅದು ನಿನಗೆ ಗೊತ್ತಿಲ್ಲವೇ? ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ. ತಾತ್ಸಾರ ಇದ್ದವನು ತನ್ನ ಭಾವನಿಗೆ ಈ ಹಾಡು ಬರೆಯುತ್ತಾನೆಯೇ? ಎರಡೂ ಹಾಡನ್ನು ಒಂದರ ಹಿಂದೆ ಒಂದು ಕೇಳಿ, ಆಮೇಲೆ ಹೇಳಿ.

ನೇರಮಾತು:

ಕೇಳಿದೆ. ಕೊನೆಯ ಹಾಡು ಇಲ್ಲದಿದ್ದರೆ ನನ್ನ ಮಾತು ನಿಲ್ಲುತ್ತಿತ್ತು. ಅದು ಇರುವುದರಿಂದ ಇಡೀ ಆಲ್ಬಂನ ತೂಕ ಬೇರೆ ಆಗುತ್ತದೆ. ಆದರೂ "ಶಾಂಗ್ರಿ-ಲಾ" ಒಂದನ್ನೇ ಸಿಂಗಲ್ ಆಗಿ ಕೇಳಿದವನಿಗೆ ಆ ಪ್ರೀತಿ ಕಾಣುವುದು ಕಷ್ಟ. ಬಿಡಿ ಹಾಡಾಗಿ ಬಿಟ್ಟಿದ್ದೇ ತಪ್ಪು ಅಂತ ಈಗಲೂ ಅನ್ನುತ್ತೇನೆ.

ಕಡಲದಂಡೆ:

ನಮ್ಮ ದೇಶದ ಒಂದು ಎಳೆ ಇಲ್ಲಿದೆ, ಯಾರೂ ಹೇಳಲಿಲ್ಲ. 1965ರ ಜನವರಿಯಲ್ಲಿ ಕಿಂಕ್ಸ್ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋಗುವಾಗ ದಾರಿಯಲ್ಲಿ ಬಾಂಬೆಯಲ್ಲಿ ತಂಗಿದ್ದರು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಂಡು ಹೋಗುವುದು ರೇ ಕಿವಿಗೆ ಬಿತ್ತು. ಅದೇ ವರ್ಷ ಬಂದ "ಸೀ ಮೈ ಫ್ರೆಂಡ್ಸ್" ಹಾಡಿನ ಗಿಟಾರ್ ತಂಬೂರಿಯ ಶ್ರುತಿಯ ಹಾಗೆ ಒಂದೇ ಸಮನೆ ಮೊರೆಯುತ್ತದೆ. ಬೀಟಲ್ಸ್ ಹಾಡಿನಲ್ಲಿ ಸಿತಾರ್ ಬರುವುದಕ್ಕೆ ಮೊದಲೇ ಬಂದ ಹಾಡಿದು.

ಅದೂ ಅಕ್ಕನ ಹಾಡೇ. ಇನ್ನೊಬ್ಬ ಅಕ್ಕ ರೆನೆ ಅವನ ಹದಿಮೂರನೇ ಹುಟ್ಟುಹಬ್ಬಕ್ಕೆ ಗಿಟಾರ್ ಕೊಡಿಸಿ, ಅದೇ ರಾತ್ರಿ ಡಾನ್ಸ್ ಹಾಲಿನಲ್ಲಿ ಕುಣಿಯುತ್ತಾ ಹೃದಯ ನಿಂತು ತೀರಿಕೊಂಡಳು. ದಾಟಿಹೋದವರು, ಊರು ಬಿಟ್ಟವರು, ಇವರನ್ನು ಬಿಟ್ಟು ರೇ ಡೇವಿಸ್ ಹಾಡನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಆಗುವುದಿಲ್ಲ ಅಂತ ನನಗನಿಸುತ್ತದೆ.

ಕಬ್ಬನ್ ಪಾರ್ಕ್ ವಾಕರ್:

ಆಲ್ಬಂನ ಮೊದಲ ಹಾಡು "ವಿಕ್ಟೋರಿಯಾ"ದಲ್ಲಿ ಕೆನಡಾದಿಂದ ಇಂಡಿಯಾ ತನಕ ಅಂತ ಸಾಮ್ರಾಜ್ಯದ ಉದ್ದ ಅಗಲ ಹೇಳುವ ಸಾಲು ಬರುತ್ತದೆ. ಬೆಂಗಳೂರಿನವರಿಗೆ ಆ ರಾಣಿ ಗೊತ್ತೇ ಇದ್ದಾಳೆ. ಕಬ್ಬನ್ ಪಾರ್ಕಿನ ತುದಿಯಲ್ಲಿ 1906ರಿಂದ ಅಮೃತಶಿಲೆಯಲ್ಲಿ ನಿಂತಿದ್ದಾಳೆ. ಅವಳನ್ನು ದಾಟಿಕೊಂಡು ಹೋಗುವಾಗ ಈ ಹಾಡು ಕೇಳಿ. ಹಾಡಿನೊಳಗಿನವನು ಬಡವ, ಆದರೂ ರಾಣಿಗೆ ಜೈ ಅನ್ನುತ್ತಾನೆ, ಅವಳ ನೆಲಕ್ಕಾಗಿ ಸಾಯಲೂ ರೆಡಿ.

ಸಾಯಲೂ ರೆಡಿ ಅನ್ನುವ ಆ ಮಾತು ನಿಜವಾಗುವುದು "ಸಮ್ ಮದರ್ಸ್ ಸನ್"ನಲ್ಲಿ. ಕಂದಕದಲ್ಲಿ ಒಬ್ಬ ಸೈನಿಕ ಸಾಯುತ್ತಾನೆ, ಮನೆಯಲ್ಲಿ ತಾಯಿ ಅವನ ಫೋಟೋಗೆ ಹೂ ಇಡುತ್ತಾಳೆ. ಇಷ್ಟೇ ಹಾಡು. ನನಗೆ ಪ್ರತಿ ಸಲವೂ ಮೈಸೂರು ಸಂಸ್ಥಾನದ ಕುದುರೆ ದಳ, ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ಏರಿ ಹೋದವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಅವರ ತಾಯಂದಿರ ಬಗ್ಗೆ ನಮ್ಮಲ್ಲಿ ಎಷ್ಟು ಹಾಡುಗಳಿವೆ? ರೇ ಬರೆದದ್ದು ಇಂಗ್ಲಿಷ್ ತಾಯಿಯ ಬಗ್ಗೆಯೇ ಇರಬಹುದು, ಆದರೆ ಸತ್ತವನು ಯಾವ ಕಡೆಯವನು ಅಂತ ಹಾಡು ಹೇಳುವುದಿಲ್ಲ. ನನಗೆ ಆಲ್ಬಂನ ಅತ್ಯುತ್ತಮ ಹಾಡು ಇದೇ. "ಶಾಂಗ್ರಿ-ಲಾ" ಎರಡನೆಯದು.

ನಾಲ್ಕನೇ ಬ್ಲಾಕ್:

ಪೂರ್ತಿ ಆಲ್ಬಂ ಮುಗಿಸಿದೆ. ಟೋಪಿ ಕೊಳ್ಳುವವಳ ಹಾಡು ("ಶೀಸ್ ಬಾಟ್ ಎ ಹ್ಯಾಟ್ ಲೈಕ್ ಪ್ರಿನ್ಸೆಸ್ ಮರೀನಾ") ಯಾಕೆ ಇಷ್ಟು ಕಾಡುತ್ತಿದೆ? ಮೊದಲು ತಮಾಷೆ ಅನ್ನಿಸಿತು. ಆಮೇಲೆ ಮಕ್ಕಳಿಗೆ ಊಟಕ್ಕಿಲ್ಲ ಅಂತ ಗೊತ್ತಾಯಿತು. "ಮಿಸ್ಟರ್ ಚರ್ಚಿಲ್ ಸೇಸ್" ಮಧ್ಯದ ಸೈರನ್ನಿಗೆ ಬೆಚ್ಚಿಬಿದ್ದೆ. "ಆಸ್ಟ್ರೇಲಿಯಾ" ಮಾತ್ರ ಕೊನೆಯಲ್ಲಿ ಎಳೆದರು ಅನ್ನಿಸಿತು. ಇಷ್ಟು ಚೆನ್ನಾಗಿರುವ ಆಲ್ಬಂ ಅಂತ ಆಗ ಯಾರೂ ಬರೆಯಲೇ ಇಲ್ವಾ?

ಪ್ಲೇಟುಪ್ರೇಮಿ:

ಬರೆದರು. ಅಮೆರಿಕದ "ರೋಲಿಂಗ್ ಸ್ಟೋನ್" ಪತ್ರಿಕೆ ಒಂದೇ ಸಂಚಿಕೆಯಲ್ಲಿ ಎರಡು ವಿಮರ್ಶೆ ಹಾಕಿತು. ವಿಮರ್ಶಕ ಗ್ರೀಲ್ ಮಾರ್ಕಸ್ ಇದನ್ನು 1969ರ ಅತ್ಯುತ್ತಮ ಬ್ರಿಟಿಷ್ ಆಲ್ಬಂ ಅಂತಲೇ ಕರೆದರು, "ಆಬಿ ರೋಡ್" ಬಂದ ವರ್ಷ ಅದು! 1965ರಿಂದ ಕಿಂಕ್ಸ್ ಅಮೆರಿಕದಲ್ಲಿ ಕಾರ್ಯಕ್ರಮ ಕೊಡದ ಹಾಗೆ ಅಲ್ಲಿನ ಸಂಗೀತಗಾರರ ಸಂಘ ತಡೆ ಹಾಕಿತ್ತು. ಅದು ತೆರವಾಗಿದ್ದೂ 1969ರಲ್ಲೇ. ಆದರೂ ಆಲ್ಬಂ ಅಲ್ಲಿ ಮೊದಲ ನೂರರೊಳಗೆ ಬರಲಿಲ್ಲ. ನಾಲ್ಕು ವರ್ಷ ಕಣ್ಣಿಗೆ ಬೀಳದ ಬ್ಯಾಂಡನ್ನು ಹೊಸ ಹುಡುಗರು ಮರೆತಿದ್ದರು.

"ಆಸ್ಟ್ರೇಲಿಯಾ" ಕೊನೆಯ ವಾದನ ಎಳೆದದ್ದೇ ಅಂತ ನನಗೂ ಅನ್ನಿಸುತ್ತದೆ, ಆದರೆ ಅದರ ಜಾಗ ನೋಡಿ. ವಲಸೆಯ ಜಾಹೀರಾತಿನ ಹಾಗೆ ಶುರುವಾಗುತ್ತದೆ: ಬಿಸಿಲು, ಕೆಲಸ, ಎಲ್ಲರೂ ಸಮಾನ. ಮಗ ಆ ಕನಸಿಗೆ ಮರುಳಾಗುತ್ತಾನೆ. ಅಲ್ಲಿಗೆ ಮೊದಲ ಬದಿ ಮುಗಿಯುತ್ತದೆ. ಪ್ಲೇಟು ತಿರುವಿ ಹಾಕಿದರೆ ಅಪ್ಪನ "ಶಾಂಗ್ರಿ-ಲಾ" ಕಾಯುತ್ತಿರುತ್ತದೆ. ಮಗನಿಗೊಂದು ಸ್ವರ್ಗ, ಅಪ್ಪನಿಗೊಂದು ಸ್ವರ್ಗ, ನಡುವೆ ಪ್ಲೇಟು ತಿರುಗಿಸುವಷ್ಟು ಹೊತ್ತು. ಈಗ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಓಡುತ್ತದೆ, ಆ ಬಿಡುವು ಸಿಗುವುದಿಲ್ಲ. ಆರನೇ ಹಾಡಿನ ನಂತರ ನೀವೇ ಸ್ವಲ್ಪ ನಿಲ್ಲಿಸಿ ಕೇಳಿ.

ಆರು ತಂತಿ:

ಅಣ್ಣ, ಇದು ಹಿಡಿಸಿದವರಿಗೆ ಮುಂದೆ ಯಾವುದು ಹೇಳ್ತೀರಿ?

ಪ್ಲೇಟುಪ್ರೇಮಿ:

ಹಿಂದಕ್ಕೆ ಹೋಗುವುದಾದರೆ 1968ರ "ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ". ಮುಂದಕ್ಕೆ ಹೋಗುವುದಾದರೆ 1971ರ "ಮಸ್ವೆಲ್ ಹಿಲ್‌ಬಿಲ್ಲೀಸ್", ಹಳೇ ಬೀದಿಗಳನ್ನು ಕೆಡವಿ ಜನರನ್ನು ಎಬ್ಬಿಸಿದ ಕಥೆ ಅದರಲ್ಲಿದೆ. ನನ್ನ ಸಲಹೆ ಎರಡನೆಯದು. ಆರ್ಥರ್ ಮನೆಯ ಬೀದಿಯವರೇ ಅಲ್ಲಿ ಸಿಗುತ್ತಾರೆ. ಆದರೆ ಅದಕ್ಕೆ ಮುಂಚೆ "ಆರ್ಥರ್"ನ ಎರಡನೇ ಬದಿಯಲ್ಲಿ "ಯಂಗ್ ಅಂಡ್ ಇನೊಸೆಂಟ್ ಡೇಸ್", "ನಥಿಂಗ್ ಟು ಸೇ" ಎರಡನ್ನೂ ಬಿಡಬೇಡಿ. ಅಪ್ಪ ಮಗ ಎದುರುಬದುರು ಕೂತು ಮಾತು ಸಿಗದೆ ಒದ್ದಾಡುವ ಆ ಹಾಡಿನ ಬಗ್ಗೆ ಇಲ್ಲಿ ಇನ್ನೂ ಯಾರೂ ಬರೆದಿಲ್ಲ. ನಾಲ್ಕನೇ ಬ್ಲಾಕ್ ಅವರೇ, ಅದನ್ನು ನೀವು ಬರೆಯಿರಿ.